ಮಲೆನಾಡಿನ ಗಿಡಮರಗಳಲ್ಲಿ ಆಲ್ಕಲಾಯ್ಡುಗಳು: ಮದ್ದೂ ಹೌದು, ವಿಷವೂ ಹೌದು

ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣ ತಯಾರಿಸಲಾರಂಭಿಸಿದ ಕಾರ್ಖಾನೆಯ ಮೊದಲ ಹೆಸರು ‘ಮೈಸೂರು ವುಡ್ ಡಿಸ್ಟಿಲೇಷನ್ ಅಂಡ್ ಐರನ್ ವರ್ಕ್ಸ್’ ಎಂದಿತ್ತು. ಕಬ್ಬಿಣದ ಜೊತೆಗೆ ಮರವನ್ನು ಬಟ್ಟಿ ಇಳಿಸುವ ಕಾರ್ಯವೂ ಅಲ್ಲಿ ನಡೆಯುತ್ತಿತ್ತು. ಮಲೆನಾಡಿನ ಸೌದೆಯನ್ನು ಗಾಳಿಯಾಡದ ಪಾತ್ರೆಗಳಲ್ಲಿ ಕಾಯಿಸಿ ಕುಲುಮೆಗೆ ಬೇಕಾದ ಇದ್ದಿಲನ್ನು ಪಡೆಯುವಾಗ, ಮರದ ಸ್ಪಿರಿಟ್ಟು, ಸುಣ್ಣದ ಅಸಿಟೇಟು, ಟಾರು ಮೊದಲಾದ ವಸ್ತುಗಳೂ ದೊರೆಯುತ್ತಿದ್ದವು. ಒಂದು ಮರದೊಳಗೆ ಕಣ್ಣಿಗೆ ಕಾಣದ ಎಷ್ಟು ಪದಾರ್ಥಗಳು ಅಡಗಿವೆ ಎಂಬುದನ್ನು ಈ ಊರು ಶತಮಾನದ ಹಿಂದೆಯೇ ಕಂಡುಕೊಂಡಿತ್ತು.

ಬೆಂಕಿಯ ನೆರವಿಲ್ಲದೆ, ಗಿಡವು ತಾನಾಗಿಯೇ ತನ್ನ ಬೇರು, ತೊಗಟೆ, ಎಲೆ, ಬೀಜಗಳಲ್ಲಿ ಕೂಡಿಟ್ಟುಕೊಳ್ಳುವ ಪದಾರ್ಥಗಳು ಇನ್ನೂ ವಿಸ್ಮಯಕರವಾದವು. ಅವುಗಳಲ್ಲಿ ವೈದ್ಯಶಾಸ್ತ್ರಕ್ಕೆ ಅತ್ಯಂತ ಹೆಚ್ಚು ಉಪಕಾರ ಮಾಡಿದ ಗುಂಪು ಆಲ್ಕಲಾಯ್ಡುಗಳದು. ಮನುಷ್ಯನ ಪ್ರಾಣಕ್ಕೆ ಎರವಾಗಿರುವ ಸಸ್ಯವಿಷಗಳಲ್ಲಿಯೂ ಬಹುಪಾಲು ಇದೇ ಗುಂಪಿಗೆ ಸೇರಿದವು. “ಗಿಡಮೂಲಿಕೆಯಲ್ಲವೇ, ಗುಣವಾಗದಿದ್ದರೂ ತೊಂದರೆಯೇನೂ ಆಗದು” ಎಂಬ ಮಾತು ನಮ್ಮ ಮನೆಗಳಲ್ಲಿ ನಿತ್ಯ ಕೇಳಿಬರುತ್ತದೆ. ಈ ಮಾತು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಸದ್ಭಕ್ತರು ತಾವೇ ವಿವೇಚಿಸಿಕೊಳ್ಳಲು ಅನುಕೂಲವಾಗಲೆಂದು, ನಮ್ಮ ಸುತ್ತಮುತ್ತಲಿನ ಕೆಲವು ಸಸ್ಯಗಳನ್ನೇ ಉದಾಹರಣೆಯಾಗಿಟ್ಟುಕೊಂಡು ಈ ವಿಷಯವನ್ನು ಇಲ್ಲಿ ನಿರೂಪಿಸಲಾಗಿದೆ.

ಆಲ್ಕಲಾಯ್ಡು ಎಂದರೇನು?

‘ಆಲ್ಕಲಿ’ ಎಂದರೆ ಕ್ಷಾರ. ಕ್ಷಾರದಂತೆ ವರ್ತಿಸುವ, ಸಾರಜನಕವನ್ನು ಒಳಗೊಂಡ ಸಸ್ಯಜನ್ಯ ಪದಾರ್ಥಗಳಿಗೆ 1819ರಲ್ಲಿ ಜರ್ಮನಿಯ ಮೈಸ್ನರ್ ಎಂಬ ವಿದ್ವಾಂಸನು ‘ಆಲ್ಕಲಾಯ್ಡ್’ ಎಂದು ಹೆಸರಿಟ್ಟನು. ಇವು ಸಾಮಾನ್ಯವಾಗಿ ಕಹಿ. ಆಮ್ಲದೊಡನೆ ಸೇರಿ ಲವಣಗಳಾಗುತ್ತವೆ. ಅತ್ಯಲ್ಪ ಪ್ರಮಾಣದಲ್ಲಿಯೇ ನರ, ಹೃದಯ, ಕರುಳುಗಳ ಮೇಲೆ ಪ್ರಭಾವ ಬೀರುತ್ತವೆ. ಇಂತಹ ಹತ್ತು ಸಾವಿರಕ್ಕೂ ಮಿಕ್ಕ ಪದಾರ್ಥಗಳನ್ನು ಇದುವರೆಗೆ ಗುರುತಿಸಲಾಗಿದೆ. ಬೆಳಗಿನ ಕಾಫಿಯಲ್ಲಿರುವ ಕೆಫೀನ್, ಕಷಾಯಕ್ಕೆ ಹಾಕುವ ಕಾಳುಮೆಣಸಿನ ಪೈಪರೀನ್, ಹೊಗೆಸೊಪ್ಪಿನ ನಿಕೋಟಿನ್ ಇವೆಲ್ಲವೂ ಆಲ್ಕಲಾಯ್ಡುಗಳೇ.

ಗಿಡವು ಇವುಗಳನ್ನು ತಯಾರಿಸುವುದು ಮನುಷ್ಯನ ರೋಗ ನೀಗಿಸಲೆಂದಲ್ಲ. ನಿಂತ ನೆಲ ಬಿಟ್ಟು ಓಡಲಾರದ ಗಿಡಕ್ಕೆ ಹುಳುಹುಪ್ಪಟೆ, ದನಕರುಗಳಿಂದ ತನ್ನನ್ನು ಕಾಪಾಡಿಕೊಳ್ಳಲು ಕಹಿಯೂ ವಿಷವೂ ಆಯುಧಗಳಾಗಿವೆ. ಆ ಆಯುಧವನ್ನು ತಕ್ಕ ಪ್ರಮಾಣದಲ್ಲಿ, ತಕ್ಕ ರೋಗಕ್ಕೆ ಬಳಸುವುದನ್ನು ಮನುಷ್ಯನು ಕಲಿತಾಗ ಅದು ಔಷಧವಾಯಿತು. ಆಲ್ಕಲಾಯ್ಡುಗಳ ವಿಷಯದಲ್ಲಿ ಮದ್ದಿಗೂ ವಿಷಕ್ಕೂ ನಡುವಣ ಅಂತರ ಬಹುಮಟ್ಟಿಗೆ ಪ್ರಮಾಣದ್ದು ಎಂಬ ಒಂದು ತತ್ತ್ವವನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಲಭವಾಗಿ ತಿಳಿಯುತ್ತದೆ.

ಅಫೀಮಿನಿಂದ ಮಾರ್ಫೀನನ್ನು ಜರ್ಮನಿಯ ಸೆರ್ಟ್ಯುರ್ನರ್ ಎಂಬ ಔಷಧ ತಯಾರಕನು 19ನೆಯ ಶತಮಾನದ ಆರಂಭದಲ್ಲಿ ಬೇರ್ಪಡಿಸಿದನು. 1820ರಲ್ಲಿ ಫ್ರಾನ್ಸಿನ ಪೆಲೆಟಿಯೇ ಮತ್ತು ಕವಾಂಟು ಎಂಬ ಇಬ್ಬರು ಸಿಂಕೋನಾ ಮರದ ತೊಗಟೆಯಿಂದ ಕ್ವಿನೈನನ್ನು ತೆಗೆದರು. ಚಳಿಜ್ವರಕ್ಕೆ ಹೆದರಿ ಜನ ಊರನ್ನೇ ತೊರೆಯುತ್ತಿದ್ದ ಮಲೆನಾಡಿಗೆ ಈ ಕಹಿ ಗುಳಿಗೆ ಎಂತಹ ಆಸರೆಯಾಗಿತ್ತೆಂಬುದನ್ನು ಹಳೆಯ ತಲೆಮಾರಿನವರು ಬಲ್ಲರು. ತೊಗಟೆಯ ಪುಡಿಯಲ್ಲಿ ಸತ್ವವು ಮರದಿಂದ ಮರಕ್ಕೆ ಹೆಚ್ಚುಕಡಿಮೆಯಾಗುತ್ತಿತ್ತು. ಸತ್ವವನ್ನೇ ಬೇರ್ಪಡಿಸಿದ ಮೇಲೆ ಇಂತಹ ರೋಗಿಗೆ ಇಷ್ಟೇ ಎಂದು ತೂಗಿ ಕೊಡುವುದು ಸಾಧ್ಯವಾಯಿತು. ಆಧುನಿಕ ಔಷಧಶಾಸ್ತ್ರದ ತಳಹದಿಯೇ ಈ ತೂಕ.

ಕೊಡಚಾದ್ರಿಯ ಕೊಡಸಿಗೆ

ಹೊಸನಗರ ತಾಲ್ಲೂಕಿನ ಕೊಡಚಾದ್ರಿಯ ಸಂಸ್ಕೃತ ಹೆಸರು ಕುಟಜಾದ್ರಿ. ಕುಟಜವೆಂದರೆ ನಾವು ಕೊಡಸಿಗೆ ಎಂದು ಕರೆಯುವ ಗಿಡ. 1343 ಮೀಟರ್ ಎತ್ತರದ ಒಂದು ಬೆಟ್ಟವೇ ಗಿಡವೊಂದರ ಹೆಸರನ್ನು ಹೊತ್ತು ನಿಂತಿರುವುದು ಆ ಗಿಡಕ್ಕೆ ಹಿಂದಿನವರು ಕೊಟ್ಟ ಬೆಲೆಯನ್ನು ಸೂಚಿಸುತ್ತದೆ. ಅದರ ಬಿಳಿಯ ಹೂಗಳನ್ನು ಒಣಗಿಸಿಟ್ಟುಕೊಂಡು ಮಳೆಗಾಲದಲ್ಲಿ ತಂಬುಳಿ ಮಾಡುವ ರೂಢಿ ಮಲೆನಾಡಿನ ಮನೆಗಳಲ್ಲಿ ಇಂದಿಗೂ ಉಂಟು. ಹೊಟ್ಟೆ ಕೆಡುವ ಕಾಲಕ್ಕೆ ಸರಿಯಾಗಿ ಆ ಹೂವು ಊಟದ ಎಲೆಗೆ ಬರುತ್ತಿತ್ತು ಎಂಬುದು ಗಮನಿಸತಕ್ಕ ಸಂಗತಿ.

ಕೊಡಸಿಗೆಯ ತೊಗಟೆಯೂ ‘ಇಂದ್ರಯವ’ವೆಂಬ ಅದರ ಬೀಜವೂ ಆಮಶಂಕೆ, ರಕ್ತಭೇದಿಗಳಿಗೆ ಆಯುರ್ವೇದದಲ್ಲಿ ಪ್ರಸಿದ್ಧವಾದವು. ಕುಟಜಾರಿಷ್ಟವು ಇದರಿಂದಲೇ ತಯಾರಾಗುತ್ತದೆ. ತೊಗಟೆಯಲ್ಲಿರುವ ಮುಖ್ಯ ಆಲ್ಕಲಾಯ್ಡು ಕೊನೆಸ್ಸೀನ್. ಆಮಶಂಕೆಗೆ ಕಾರಣವಾದ ಅಮೀಬಾ ಎಂಬ ಸೂಕ್ಷ್ಮಜೀವಿಯ ಮೇಲೆ ಅದು ಪರಿಣಾಮಕಾರಿ ಎಂಬುದನ್ನು ಆಧುನಿಕ ಪರೀಕ್ಷೆಗಳೂ ಸಮರ್ಥಿಸಿವೆ. ಶುದ್ಧ ರೂಪದಲ್ಲಿ ಕೊಟ್ಟಾಗ ನಿದ್ರಾನಾಶ, ಕಳವಳಗಳಂತಹ ನರಸಂಬಂಧಿ ತೊಂದರೆಗಳು ಕಂಡುಬಂದುದರಿಂದ ಹಾಗೂ ಮುಂದೆ ಹೆಚ್ಚು ಸುರಕ್ಷಿತವಾದ ಔಷಧಗಳು ದೊರೆತುದರಿಂದ ಅದರ ಬಳಕೆ ಹಿಂದೆ ಸರಿಯಿತು.

ಇಲ್ಲೊಂದು ಎಚ್ಚರ ಅಗತ್ಯ. ಕೊಡಸಿಗೆಯನ್ನೇ ಹೋಲುವ ಬೆಪ್ಪಾಲೆ ಎಂಬ ಇನ್ನೊಂದು ಮರವಿದೆ. ಎರಡಕ್ಕೂ ಬಿಳಿಯ ಹಾಲು, ಬಿಳಿಯ ಹೂವು, ಜೋಡಿ ಕಾಯಿ. ಮಾರುಕಟ್ಟೆಯಲ್ಲಿ ಒಂದರ ತೊಗಟೆ ಇನ್ನೊಂದರ ಹೆಸರಿನಲ್ಲಿ ಮಾರಾಟವಾಗುವುದುಂಟು. ಕೊಡಸಿಗೆಯ ಬೀಜ ಕಹಿ, ಬೆಪ್ಪಾಲೆಯದು ಕಹಿಯಲ್ಲ. ಗುರುತು ಬಲ್ಲವರ ನೆರವಿಲ್ಲದೆ ತೊಗಟೆ ಕೆತ್ತಿ ತಂದು ಕಷಾಯ ಮಾಡುವುದು ವಿವೇಕವಲ್ಲ. ಮಕ್ಕಳಿಗೆ ಭೇದಿಯಾದಾಗಲಂತೂ ಮೊದಲು ಆಗಬೇಕಾದುದು ಉಪ್ಪು ಸಕ್ಕರೆ ಬೆರೆಸಿದ ನೀರನ್ನು (ಓಆರ್‌ಎಸ್) ಕುಡಿಸುವುದು. ಪ್ರಾಣಕ್ಕೆ ಅಪಾಯ ತರುವುದು ಬಹುಮಟ್ಟಿಗೆ ದೇಹದ ನೀರಿನ ನಷ್ಟ.

ಸರ್ಪಗಂಧದ ಪಾಠ

ಸರ್ಪಗಂಧ ಅಥವಾ ಸೂತ್ರನಾಭಿಯ ಬೇರನ್ನು ಉನ್ಮಾದಕ್ಕೂ ನಿದ್ರಾಹೀನತೆಗೂ ನಮ್ಮ ವೈದ್ಯರು ಬಹುಕಾಲದಿಂದ ಬಳಸುತ್ತಿದ್ದರು. 1931ರಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ರಫತ್ ಸಿದ್ದಿಕಿ ಅವರು ದೆಹಲಿಯಲ್ಲಿ ಈ ಬೇರಿನಿಂದ ಹಲವು ಆಲ್ಕಲಾಯ್ಡುಗಳನ್ನು ಬೇರ್ಪಡಿಸಿ, ಒಂದಕ್ಕೆ ಹಕೀಮ್ ಅಜ್ಮಲ್ ಖಾನರ ನೆನಪಿಗೆ ‘ಅಜ್ಮಲೀನ್’ ಎಂದು ಹೆಸರಿಟ್ಟರು. ಅದೇ ವರ್ಷ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ ಅವರು ಈ ಬೇರು ರಕ್ತದೊತ್ತಡವನ್ನು ತಗ್ಗಿಸುವುದೆಂದು ವರದಿ ಮಾಡಿದರು. 1949ರಲ್ಲಿ ಮುಂಬಯಿಯ ಹೃದಯತಜ್ಞ ರುಸ್ತುಂ ಜಾಲ್ ವಕೀಲರು ಬ್ರಿಟನ್ನಿನ ಹೃದ್ರೋಗ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನದಿಂದ ಜಗತ್ತಿನ ಗಮನ ಈ ಗಿಡದತ್ತ ತಿರುಗಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರಿಸರ್ಪೀನನ್ನು ಬೇರ್ಪಡಿಸಿದರು. ರಕ್ತದೊತ್ತಡ, ಮನೋರೋಗ ಎರಡಕ್ಕೂ ಅದು ಕೆಲವು ಕಾಲ ಪ್ರಮುಖ ಔಷಧವಾಗಿ ಮೆರೆಯಿತು.

ಬಳಕೆ ಹೆಚ್ಚಿದಂತೆ ಅದರ ದೋಷಗಳೂ ಹೊರಬಿದ್ದವು. ಮೂಗು ಕಟ್ಟುವಿಕೆ, ಹೊಟ್ಟೆಯಲ್ಲಿ ಆಮ್ಲದ ಹೆಚ್ಚಳ, ಕೆಲವರಲ್ಲಿ ತೀವ್ರವಾದ ಖಿನ್ನತೆ ಕಾಣಿಸಿಕೊಂಡವು. ಈ ಪಾಠವನ್ನು ಮನೆಮದ್ದು ಮಾಡುವವರು ಮರೆಯಬಾರದು. ವೈದ್ಯರು ಕೊಟ್ಟ ರಕ್ತದೊತ್ತಡದ ಮಾತ್ರೆಯನ್ನು ನುಂಗುತ್ತ, ಅವರಿಗೆ ತಿಳಿಸದೆ ಸರ್ಪಗಂಧದ ಪುಡಿಯನ್ನೂ ಸೇವಿಸಿದರೆ ಒತ್ತಡ ಹಠಾತ್ತನೆ ಕುಸಿದು ತಲೆಸುತ್ತಿ ಬೀಳುವ ಸಂಭವವುಂಟು. ಮಾತ್ರೆಯನ್ನು ಬಿಟ್ಟು ಪುಡಿಯನ್ನೇ ನಂಬಿದರೆ ಒತ್ತಡ ಏರಿ ಪಾರ್ಶ್ವವಾಯು ಬಡಿಯಬಹುದು. ಎರಡೂ ಅಪಾಯಗಳು ಗಿಡದ ದೋಷದಿಂದ ಬಂದವಲ್ಲ, ತಿಳಿವಳಿಕೆಯ ಕೊರತೆಯಿಂದ ಬಂದವು.

ಅಂಗಳದ ಹೂವು, ಕಾಡಿನ ಮರ

ಕಾಶಿಕಣಗಿಲೆ ಅಥವಾ ನಿತ್ಯಪುಷ್ಪವು ಪೂಜೆಗೆಂದು ನಾವು ಅಂಗಳದಲ್ಲಿ ಬೆಳೆಸುವ ಗಿಡ. ಮಡಗಾಸ್ಕರ್ ಇದರ ತವರು. ಇದರ ಎಲೆ ಮಧುಮೇಹಕ್ಕೆ ಒಳ್ಳೆಯದೆಂಬ ನಂಬಿಕೆ ಹಲವು ದೇಶಗಳಲ್ಲಿತ್ತು. ಕೆನಡಾದ ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಅದನ್ನು ಪರೀಕ್ಷಿಸಲು ಇಲಿಗಳಿಗೆ ಎಲೆಯ ಸಾರವನ್ನು ಕೊಟ್ಟರು. ಸಕ್ಕರೆಯ ಅಂಶ ಹೇಳಿಕೊಳ್ಳುವಂತೆ ಇಳಿಯಲಿಲ್ಲ; ಆದರೆ ರಕ್ತದ ಬಿಳಿಯ ಕಣಗಳು ಕುಸಿದು, ಸೋಂಕು ತಗುಲಿ ಇಲಿಗಳು ಸತ್ತವು. ಬಿಳಿಯ ಕಣಗಳು ಮಿತಿಮೀರಿ ಹೆಚ್ಚುವ ರಕ್ತದ ಕ್ಯಾನ್ಸರಿಗೆ ಇದು ಮದ್ದಾಗಬಹುದಲ್ಲವೇ ಎಂಬ ಆಲೋಚನೆ ಅಲ್ಲಿಂದ ಹುಟ್ಟಿತು. 1958ರಲ್ಲಿ ವಿನ್‌ಬ್ಲಾಸ್ಟೀನ್ ಪ್ರಕಟವಾಯಿತು. ಅದರ ಬೆನ್ನಿಗೇ ಬಂದ ವಿನ್‌ಕ್ರಿಸ್ಟೀನ್ ಇಂದಿಗೂ ಮಕ್ಕಳ ರಕ್ತದ ಕ್ಯಾನ್ಸರಿನ ಚಿಕಿತ್ಸೆಯಲ್ಲಿ ಅನಿವಾರ್ಯವಾದ ಔಷಧ. ಎಲೆಯಲ್ಲಿ ಈ ಸತ್ವ ಇರುವುದು ಅತ್ಯಲ್ಪ. ಒಂದು ಗ್ರಾಂ ಪಡೆಯಲು ನೂರಾರು ಕಿಲೋ ಒಣ ಎಲೆ ಬೇಕು.

ಆದ್ದರಿಂದ ಎರಡು ಮಾತುಗಳು ಸ್ಪಷ್ಟವಾಗುತ್ತವೆ. ಎಲೆಯನ್ನು ಅಗಿಯುವುದರಿಂದ ಕ್ಯಾನ್ಸರ್ ವಾಸಿಯಾಗದು. ಸಕ್ಕರೆ ಕಾಯಿಲೆಗೆಂದು ದಿನವೂ ಆ ಎಲೆಯನ್ನು ತಿನ್ನುವುದು ಕ್ಷೇಮಕರವೂ ಅಲ್ಲ.

ಪಶ್ಚಿಮ ಘಟ್ಟದ ಕಾಡುಗಳಲ್ಲಿ ದುರ್ವಾಸನೆಯ ಮರವೆಂದು ಹೆಸರಾದ ಒಂದು ಚಿಕ್ಕ ಮರವಿದೆ. ಮುಟ್ಟಿದರೆ ಮೂಗು ಮುಚ್ಚಿಕೊಳ್ಳಬೇಕಾದ ಈ ಮರದಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಅಮೂಲ್ಯ ಆಲ್ಕಲಾಯ್ಡು ಇದೆಯೆಂದು 1972ರಲ್ಲಿ ಭಾರತೀಯ ರಸಾಯನವಿಜ್ಞಾನಿಗಳಾದ ಗೋವಿಂದಾಚಾರಿ ಮತ್ತು ವಿಶ್ವನಾಥನ್ ತೋರಿಸಿದರು. ಅದನ್ನು ಮೊದಲು 1966ರಲ್ಲಿ ಚೀನಾ ಮೂಲದ ಮರವೊಂದರಲ್ಲಿ ಅಮೆರಿಕದ ವಾಲ್ ಮತ್ತು ವಾನಿ ಕಂಡಿದ್ದರು. ಮೂಲವಸ್ತು ಮನುಷ್ಯರಿಗೆ ತೀರ ಉಗ್ರವಾದುದರಿಂದ ಅದನ್ನು ರಾಸಾಯನಿಕವಾಗಿ ಮಾರ್ಪಡಿಸಲಾಯಿತು. ಅಂಡಾಶಯದ ಕ್ಯಾನ್ಸರಿಗೆ ಟೊಪೊಟೆಕಾನ್, ದೊಡ್ಡ ಕರುಳಿನ ಕ್ಯಾನ್ಸರಿಗೆ ಇರಿನೊಟೆಕಾನ್ ಎಂಬ ಔಷಧಗಳು 1996ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದವು. ನಮ್ಮ ಘಟ್ಟದ ಮರವೇ ಆ ಔಷಧಗಳಿಗೆ ಒಂದು ಮುಖ್ಯ ಮೂಲವಾಯಿತು. ಅದರ ಫಲವಾಗಿ ಕಾಡಿನಲ್ಲಿ ಆ ಮರದ ಸಂಖ್ಯೆಯೂ ಇಳಿಯಿತು.

ಉಮ್ಮತ್ತಿ: ಕೊಲ್ಲುವುದೂ ಕಾಯುವುದೂ

ಉಮ್ಮತ್ತಿಯ ಹೂವು ಶಿವನಿಗೆ ಪ್ರಿಯವೆಂದು ಅರ್ಪಿಸುವ ರೂಢಿ ನಾಡಿನಲ್ಲೆಲ್ಲ ಇದೆ. ಅರ್ಪಿಸುವ ಭಕ್ತರೇ ಅದರ ಬೀಜವನ್ನು ಮಕ್ಕಳ ಕೈಗೆ ಸಿಗದಂತೆ ಎಸೆಯುತ್ತಾರೆ. ಕನ್ನಡದಲ್ಲಿ ವಿಷವೈದ್ಯವನ್ನೇ ವಸ್ತುವಾಗುಳ್ಳ ‘ಖಗೇಂದ್ರಮಣಿದರ್ಪಣ’ವನ್ನು ಮಂಗರಾಜ ಕವಿಯು 14ನೆಯ ಶತಮಾನದಷ್ಟು ಹಿಂದೆಯೇ ರಚಿಸಿದನು. ಗಿಡದ ವಿಷದ ಬಗೆಗೆ ನಮ್ಮವರಿಗೆ ಇದ್ದ ಅರಿವು ಹೊಸದಲ್ಲ.

ಉಮ್ಮತ್ತಿಯಲ್ಲಿ ಹಯೊಸಯಮೀನ್, ಸ್ಕೊಪಾಲಮೀನ್, ಅಟ್ರೊಪಿನ್ ಎಂಬ ಆಲ್ಕಲಾಯ್ಡುಗಳಿವೆ. ನಮ್ಮ ದೇಹದಲ್ಲಿ ಅಸಿಟೈಲ್‌ಕೋಲಿನ್ ಎಂಬ ಪದಾರ್ಥವು ನರಗಳ ಸಂದೇಶವನ್ನು ಗ್ರಂಥಿಗಳಿಗೂ ಸ್ನಾಯುಗಳಿಗೂ ಮುಟ್ಟಿಸುತ್ತದೆ. ಈ ಸಂದೇಶವನ್ನು ಬರಮಾಡಿಕೊಳ್ಳುವ ಬಾಗಿಲುಗಳಿಗೆ ಅಟ್ರೊಪಿನ್ ಅಗುಳಿ ಹಾಕುತ್ತದೆ. ಆದ್ದರಿಂದಲೇ ಉಮ್ಮತ್ತಿ ತಿಂದವರಿಗೆ ಬಾಯಿ ಒಣಗುತ್ತದೆ, ಕಣ್ಣಿನ ಪಾಪೆ ಹಿಗ್ಗುತ್ತದೆ, ಮೈ ಕಾವೇರುತ್ತದೆ, ಎದೆ ಡವಗುಟ್ಟುತ್ತದೆ, ಭ್ರಮೆ ಹಿಡಿಯುತ್ತದೆ. ಹೆಚ್ಚಾದರೆ ಸಾವು ಬರುತ್ತದೆ.

ಈಗ ಇನ್ನೊಂದು ಚಿತ್ರವನ್ನು ನೋಡೋಣ. ಭದ್ರಾ ಅಚ್ಚುಕಟ್ಟಿನ ಗದ್ದೆಗಳಲ್ಲಿ ಕೀಟನಾಶಕ ಸಿಂಪಡಿಸುವ ರೈತನು ಮುಖಕ್ಕೆ ಬಟ್ಟೆ ಕಟ್ಟದೆ, ಗಾಳಿಗೆ ಎದುರಾಗಿ ನಿಂತು ಸಿಂಪಡಿಸಿದನೆನ್ನಿ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕವು ಮೈಗೆ ಸೇರಿದರೆ ಅಸಿಟೈಲ್‌ಕೋಲಿನ್ ಕರಗದೆ ದೇಹದಲ್ಲಿ ಮಿತಿಮೀರಿ ತುಂಬುತ್ತದೆ. ಬಾಯಲ್ಲಿ ಜೊಲ್ಲು ಸುರಿಯುತ್ತದೆ, ಬೆವರು ಹರಿಯುತ್ತದೆ, ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ, ಎದೆಯಲ್ಲಿ ಕಫ ತುಂಬಿ ಉಸಿರು ಕಟ್ಟುತ್ತದೆ. ಈ ಲಕ್ಷಣಗಳು ಉಮ್ಮತ್ತಿಯ ಲಕ್ಷಣಗಳಿಗೆ ಒಂದೊಂದಾಗಿ ವಿರುದ್ಧವಾಗಿರುವುದನ್ನು ಗಮನಿಸಬೇಕು. ಆಗ ಆಸ್ಪತ್ರೆಯಲ್ಲಿ ವೈದ್ಯರು ಕೊಡುವ ಮೊದಲ ಚುಚ್ಚುಮದ್ದು ಅಟ್ರೊಪಿನ್. ಎದೆಯ ಕಫ ಆರಿ ಉಸಿರಾಟ ಸರಾಗವಾಗುವವರೆಗೆ, ನಿಮಿಷ ನಿಮಿಷಕ್ಕೂ ರೋಗಿಯನ್ನು ನೋಡುತ್ತ ಪ್ರಮಾಣವನ್ನು ಏರಿಸುತ್ತ ಹೋಗುತ್ತಾರೆ.

ಹಾಗೆಂದು ಕೀಟನಾಶಕ ಸೇರಿದವರಿಗೆ ಮನೆಯಲ್ಲಿ ಉಮ್ಮತ್ತಿಯ ರಸವನ್ನು ಎಂದಿಗೂ ಕುಡಿಸಬಾರದು. ಒಂದು ಕಾಯಿಯಲ್ಲಿ ಸತ್ವ ಎಷ್ಟಿದೆಯೆಂದು ಯಾರೂ ಹೇಳಲಾರರು. ಮಾಡಬೇಕಾದುದು ಇಷ್ಟು: ಬಟ್ಟೆಯನ್ನು ತೆಗೆದು ಮೈಯನ್ನು ಸಾಬೂನಿನಿಂದ ತೊಳೆಯಬೇಕು, ಬಲವಂತವಾಗಿ ವಾಂತಿ ಮಾಡಿಸಬಾರದು, 108ಕ್ಕೆ ಕರೆ ಮಾಡಿ ಕೂಡಲೇ ಆಸ್ಪತ್ರೆಗೆ ಸಾಗಿಸಬೇಕು, ಔಷಧದ ಡಬ್ಬಿಯನ್ನು ಅದರ ಚೀಟಿಯೊಂದಿಗೆ ತಪ್ಪದೆ ಒಯ್ಯಬೇಕು.

ಅಡಿಕೆಯ ವಿಚಾರ

ಅಡಿಕೆಯಿಂದಲೇ ಬದುಕುವ ಸೀಮೆಯಲ್ಲಿ ಅಡಿಕೆಯ ಬಗೆಗೆ ಕಹಿಮಾತು ಆಡುವುದು ಸುಲಭವಲ್ಲ. ಭದ್ರಾವತಿ, ಶಿವಮೊಗ್ಗ, ಚನ್ನಗಿರಿಗಳ ಎಷ್ಟೋ ಭಕ್ತರ ಮನೆಯ ಮಕ್ಕಳ ವಿದ್ಯೆ, ಮದುವೆ, ದಾಸೋಹ ಎಲ್ಲವೂ ತೋಟದ ಫಸಲಿನಿಂದಲೇ ನಡೆದಿವೆ. ಆದರೂ ಆರೋಗ್ಯದ ಪುಟದಲ್ಲಿ ಸತ್ಯವನ್ನು ಮುಚ್ಚಿಡಲಾಗದು.

ಅಡಿಕೆಯಲ್ಲಿ ಅರೆಕೊಲೀನ್ ಎಂಬ ಆಲ್ಕಲಾಯ್ಡು ಪ್ರಧಾನವಾಗಿದೆ. ಬೇಯಿಸಿದ ಮಾತ್ರಕ್ಕೆ ಅದು ಪೂರ್ತಿ ಇಲ್ಲವಾಗದು. ಅಟ್ರೊಪಿನ್ ಅಗುಳಿ ಹಾಕುವ ಬಾಗಿಲನ್ನೇ ಅರೆಕೊಲೀನ್ ತೆರೆಯುತ್ತದೆ. ಅಡಿಕೆ ಅಗಿದಾಗ ಬಾಯಲ್ಲಿ ನೀರೂರುವುದೂ, ಮೈ ಬೆವರುವುದೂ, ಮನಸ್ಸಿಗೆ ಚುರುಕು ಬಂದಂತೆನಿಸುವುದೂ ಅದರಿಂದಲೇ. ಹಿಂದೆ ನಾಯಿಗಳ ಹೊಟ್ಟೆಯ ಲಾಡಿಹುಳುವನ್ನು ಹೊರದಬ್ಬಲು ಪಶುವೈದ್ಯರು ಅರೆಕೊಲೀನನ್ನು ಬಳಸುತ್ತಿದ್ದರು.

ನಿತ್ಯವೂ ಗಂಟೆಗಟ್ಟಲೆ ಅಡಿಕೆಯನ್ನು ಒಸಡಿನಲ್ಲಿ ಒತ್ತಿಟ್ಟುಕೊಂಡರೆ ಅದೇ ಸತ್ವವು ಬಾಯಿಯ ಒಳಪದರದಲ್ಲಿ ನಾರಿನಂತಹ ಅಂಗಾಂಶವನ್ನು ಬೆಳೆಸುತ್ತದೆ. ಕೆನ್ನೆಯ ಒಳಭಾಗ ಬಿಳಿಚಿ ಗಡುಸಾಗುತ್ತದೆ. ಖಾರ ತಿಂದರೆ ಉರಿಯುತ್ತದೆ. ಬರಬರುತ್ತ ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ಇದು ಮುಂದೆ ಕ್ಯಾನ್ಸರಿಗೆ ತಿರುಗಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಹೊಗೆಸೊಪ್ಪು ಸೇರದ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುವಂತಹದೆಂದು ನಿರ್ಣಯಿಸಿತು. ಶುಭಕಾರ್ಯದ ದಿನ ತಾಂಬೂಲ ಸವಿಯುವುದಕ್ಕೂ ಹದಿಹರೆಯದ ಹುಡುಗರು ದಿನವಿಡೀ ಪೊಟ್ಟಣದ ಅಡಿಕೆಪುಡಿಯನ್ನು ಬಾಯಲ್ಲಿಟ್ಟುಕೊಳ್ಳುವುದಕ್ಕೂ ಬಹಳ ಅಂತರವಿದೆ. ಬಾಯಿಗೆ ಮೂರು ಬೆರಳುಗಳು ಒಂದರ ಮೇಲೊಂದಾಗಿ ಹಿಡಿಸದಿದ್ದರೆ ಕೂಡಲೇ ದಂತವೈದ್ಯರಿಗೆ ತೋರಿಸಬೇಕು. ಅಗಿಯುವುದನ್ನು ಆ ದಿನವೇ ಬಿಡಬೇಕು.

ಈ ಕಥೆಗೆ ಇನ್ನೊಂದು ಮುಖವಿದೆ. ಅರೆಕೊಲೀನಿನ ರಚನೆಯನ್ನೇ ಮಾದರಿಯಾಗಿಟ್ಟುಕೊಂಡು ವಿಜ್ಞಾನಿಗಳು ಜಾನೊಮೆಲಿನ್ ಎಂಬ ಹೊಸ ಪದಾರ್ಥವನ್ನು ನಿರ್ಮಿಸಿದರು. ಅದು ಮೆದುಳಿನ ಮೇಲೆ ಒಳ್ಳೆಯ ಪರಿಣಾಮ ಬೀರಿದರೂ ದೇಹದ ಉಳಿದ ಭಾಗದಲ್ಲಿ ವಾಕರಿಕೆ, ವಾಂತಿಗಳನ್ನು ಉಂಟುಮಾಡುತ್ತಿತ್ತು. ಅದನ್ನು ತಡೆಯಲು, ಅಟ್ರೊಪಿನ್ನಿನಂತೆ ಅಗುಳಿ ಹಾಕುವ, ಆದರೆ ಮೆದುಳನ್ನು ಅಷ್ಟಾಗಿ ಪ್ರವೇಶಿಸದ ಟ್ರೋಸ್ಪಿಯಂ ಎಂಬ ಔಷಧವನ್ನು ಜೊತೆಗೂಡಿಸಿದರು. ಈ ಜೋಡಿಗೆ 2024ರ ಸೆಪ್ಟೆಂಬರ್ ತಿಂಗಳಲ್ಲಿ ಸ್ಕಿಜೋಫ್ರೀನಿಯಾ ಎಂಬ ಮನೋರೋಗದ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು. ಅಡಿಕೆಯ ಬಂಧುವೂ ಉಮ್ಮತ್ತಿಯ ಬಂಧುವೂ ಒಂದೇ ಗುಳಿಗೆಯಲ್ಲಿ ಸೇರಿ ರೋಗಿಯ ಮನಸ್ಸಿಗೆ ನೆಮ್ಮದಿ ತರುತ್ತಿವೆ. ಅಗಿದಾಗ ಕೇಡು ಮಾಡುವ ಸತ್ವವೇ, ಅರಿತು ತಿದ್ದಿದಾಗ ಮದ್ದಿಗೆ ದಾರಿ ತೋರಿತು.

ಮನೆಯಲ್ಲಿ ಪಾಲಿಸಬೇಕಾದ ನಿಯಮಗಳು

1. ಗಿಡಮೂಲಿಕೆ ಸೇವಿಸುತ್ತಿದ್ದರೆ ವೈದ್ಯರಿಗೆ ತಪ್ಪದೆ ತಿಳಿಸಿ. ಅಡುಗೆಯ ಕಾಳುಮೆಣಸಿನ ಪೈಪರೀನ್ ಕೂಡ ಹೆಚ್ಚು ಪ್ರಮಾಣದಲ್ಲಿ ಸೇವಿಸಿದಾಗ ಕೆಲವು ಔಷಧಗಳು ರಕ್ತಕ್ಕೆ ಸೇರುವ ಪ್ರಮಾಣವನ್ನು ಹೆಚ್ಚಿಸುತ್ತದೆ.

2. ಮರದರಿಶಿನದ ಹಳದಿ ಬಣ್ಣಕ್ಕೆ ಬರ್ಬರೀನ್ ಎಂಬ ಆಲ್ಕಲಾಯ್ಡು ಕಾರಣ. ಭೇದಿಗೆ ಅದು ಉಪಯುಕ್ತವಾದರೂ ಗರ್ಭಿಣಿಯರಿಗೂ ಎಳೆಗೂಸುಗಳಿಗೂ ಕೊಡಬಾರದು. ಕೂಸಿನ ಕಾಮಾಲೆಯನ್ನು ಅದು ಉಲ್ಬಣಗೊಳಿಸಬಲ್ಲದು.

3. ಅಗ್ನಿಶಿಖೆಯ ಗಡ್ಡೆಯಲ್ಲಿರುವ ಕಾಲ್ಚಿಸೀನ್ ಗೌಟ್ ಎಂಬ ಸಂಧಿವಾತಕ್ಕೆ ಮದ್ದು. ಕಾಸರಕದ ಬೀಜದಲ್ಲಿ ಸ್ಟ್ರಿಕ್ನೀನ್ ಇದೆ. ಇವೆರಡೂ ಉಗ್ರ ವಿಷಗಳು. ಶಾಸ್ತ್ರೋಕ್ತವಾಗಿ ಶುದ್ಧಿ ಮಾಡಬಲ್ಲ ವೈದ್ಯರ ಹೊರತು ಇತರರು ಇವುಗಳನ್ನು ಮುಟ್ಟಬಾರದು.

4. ಕ್ಯಾನ್ಸರಿನಂತಹ ರೋಗದಲ್ಲಿ ತೊಗಟೆ, ಬೇರುಗಳನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆಯನ್ನು ಮುಂದೂಡಬೇಡಿ. ಕೈಜಾರಿದ ತಿಂಗಳುಗಳನ್ನು ಯಾವ ಮದ್ದೂ ಮರಳಿಸಲಾರದು.

5. ಔಷಧ ಗಿಡದಿಂದ ತೊಂದರೆಯಾದರೆ ಆ ಗಿಡದ ಎಲೆಯನ್ನೋ ಕಾಯಿಯನ್ನೋ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಹೋಗಿ.

ಉಳಿಸಿದರೆ ಉಂಟು

ಬೇರು ಅಗೆದರೆ ಸರ್ಪಗಂಧ ಉಳಿಯದು; ಕಾಂಡ ಕಡಿದರೆ ಮರದರಿಶಿನದ ಬಳ್ಳಿ ಮತ್ತೆ ಅಷ್ಟು ದಪ್ಪವಾಗಲು ಎಷ್ಟೋ ವರ್ಷಗಳು ಬೇಕು. ಆಗುಂಬೆಯಲ್ಲಿ ಇಂತಹ ಸಸ್ಯಗಳಿಗಾಗಿ ಔಷಧ ಸಸ್ಯ ಸಂರಕ್ಷಣಾ ಪ್ರದೇಶವನ್ನು ಗುರುತಿಸಲಾಗಿದೆ. ಭದ್ರಾವತಿ ತಾಲ್ಲೂಕಿನ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿರುವುದರಿಂದ ಸಸ್ಯಶಾಸ್ತ್ರ, ಜೀವರಸಾಯನಶಾಸ್ತ್ರಗಳನ್ನು ಓದುವ ಅವಕಾಶ ನಮ್ಮ ಮಕ್ಕಳ ಮನೆಯ ಬಾಗಿಲಿಗೇ ಬಂದಿದೆ. ಅಡಿಕೆ ತೋಟದ ಬೇಲಿಯಂಚಿನಲ್ಲಿ ಒಂದು ಕೊಡಸಿಗೆ, ಹಿತ್ತಲಲ್ಲಿ ಒಂದು ಸರ್ಪಗಂಧ ಬೆಳೆಸುವುದು ಯಾರಿಗೂ ಭಾರವಲ್ಲ.

12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೂ ಒಬ್ಬ. ವೈದ್ಯವೇ ಅವನ ಕಾಯಕವಾಗಿತ್ತು. ಮೂಲಿಕೆಯ ಗುಣವನ್ನೂ ರೋಗಿಯ ಬಲವನ್ನೂ ಅರಿಯದೆ ಕೊಡುವ ಮದ್ದು ಕಾಯಕವೆನಿಸದು. ಅಂಗವು ಲಿಂಗಕ್ಕೆ ನೆಲೆಯೆಂದು ನಂಬಿದ ನಾವು ಆ ಅಂಗಕ್ಕೆ ಏನನ್ನು, ಎಷ್ಟನ್ನು, ಯಾರನ್ನು ಕೇಳಿ ಸೇವಿಸುತ್ತಿದ್ದೇವೆ ಎಂಬುದನ್ನು ವಿಚಾರಿಸುವುದು ನಿತ್ಯದ ಅನುಷ್ಠಾನದ ಒಂದು ಭಾಗವೇ ಆಗಲಿ.